ಆಸ್ಪತ್ರೆಯ ಲೆಕ್ಕ ದೆಹಲಿ ತಲುಪಿತು, ಆಸ್ಪತ್ರೆಗೆ ಮರಳುವುದೆಂದು?

2021ರ ಜುಲೈ 20ರಂದು ರಾಜ್ಯಸಭೆಯಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ನೀಡಿದ ಲಿಖಿತ ಉತ್ತರವೊಂದು ದೇಶದಾದ್ಯಂತ ಕೋಲಾಹಲ ಎಬ್ಬಿಸಿತ್ತು. ಕೋವಿಡ್ ಎರಡನೇ ಅಲೆಯಲ್ಲಿ ಆಮ್ಲಜನಕದ ಕೊರತೆಯಿಂದ ಸಂಭವಿಸಿದ ಸಾವು ಎಂದು ಯಾವ ರಾಜ್ಯವೂ, ಯಾವ ಕೇಂದ್ರಾಡಳಿತ ಪ್ರದೇಶವೂ ನಿರ್ದಿಷ್ಟವಾಗಿ ವರದಿ ಮಾಡಿಲ್ಲ ಎಂಬುದು ಆ ಉತ್ತರದ ಸಾರ. ಅದಕ್ಕೆ ಕೇವಲ ಎರಡೂವರೆ ತಿಂಗಳ ಹಿಂದೆ, ಮೇ 2 ಮತ್ತು 3ರ ನಡುವೆ, ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ 24 ರೋಗಿಗಳು ಕೊನೆಯುಸಿರೆಳೆದಿದ್ದರು. ಹೈಕೋರ್ಟ್ ನೇಮಿಸಿದ್ದ, ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲ ಗೌಡ ನೇತೃತ್ವದ ಸಮಿತಿ ಆಮ್ಲಜನಕದ ಕೊರತೆಯತ್ತಲೇ ಬೊಟ್ಟು ಮಾಡಿತ್ತು.

ಸಂಸತ್ತಿಗೆ ಸುಳ್ಳು ಹೇಳಲಾಯಿತು ಎಂದು ದೂರುವುದು ಸುಲಭ. ಆದರೆ ಆ ಉತ್ತರ ಅಕ್ಷರಶಃ ನಿಜವೇ ಆಗಿದ್ದಿರಬಹುದು ಎಂಬುದು ಇನ್ನೂ ಕಳವಳಕಾರಿ ಸಂಗತಿ. ರಾಜ್ಯಗಳಿಂದ ಕೇಂದ್ರಕ್ಕೆ ಪ್ರತಿದಿನ ಹೋಗುತ್ತಿದ್ದುದು ಸೋಂಕಿತರ ಸಂಖ್ಯೆ ಮತ್ತು ಮೃತರ ಸಂಖ್ಯೆ. ಮರಣ ಪ್ರಮಾಣಪತ್ರದಲ್ಲಿ ಬರೆಯುವುದು ರೋಗದ ಹೆಸರನ್ನೇ ಹೊರತು ಸಿಲಿಂಡರ್ ಖಾಲಿಯಾದ ಹೊತ್ತನ್ನಲ್ಲ. ಕೇಳದ ಪ್ರಶ್ನೆಗೆ ಉತ್ತರ ಬರಲಿಲ್ಲ. ಉತ್ತರ ಬರಲಿಲ್ಲವಾದ್ದರಿಂದ ಘಟನೆಯೇ ನಡೆದಿಲ್ಲವೆಂಬ ಅರ್ಥ ಹೊರಟಿತು. 'ವರದಿಯಾಗಿಲ್ಲ' ಎಂಬುದಕ್ಕೂ 'ಆಗಿಲ್ಲ' ಎಂಬುದಕ್ಕೂ ಇರುವ ಅಂತರವೇ ನಮ್ಮ ಸರ್ಕಾರಿ ಆಸ್ಪತ್ರೆಗಳ ಅಂಕಿ-ಅಂಶ ವ್ಯವಸ್ಥೆಯ ಮೂಲ ಸಮಸ್ಯೆ.

ಅಂಕಿ-ಅಂಶಗಳ ಬರವಿಲ್ಲ

ಭಾರತದಲ್ಲಿ ಆಸ್ಪತ್ರೆಗಳ ಲೆಕ್ಕವೇ ಇಲ್ಲ ಎನ್ನುವವರು ತಪ್ಪು ತಿಳಿದಿದ್ದಾರೆ. ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ 2005ರಲ್ಲಿ ಆರಂಭವಾದ ಬಳಿಕ, 2008ರ ಅಕ್ಟೋಬರಿನಲ್ಲಿ ಆರೋಗ್ಯ ನಿರ್ವಹಣಾ ಮಾಹಿತಿ ವ್ಯವಸ್ಥೆ, ಅಂದರೆ ಎಚ್ಎಂಐಎಸ್ ಎಂಬ ಅಂತರ್ಜಾಲ ವ್ಯವಸ್ಥೆ ಜಾರಿಗೆ ಬಂತು. ಉಪಕೇಂದ್ರದಿಂದ ಹಿಡಿದು ಜಿಲ್ಲಾಸ್ಪತ್ರೆಯವರೆಗೆ ಎರಡು ಲಕ್ಷಕ್ಕೂ ಹೆಚ್ಚು ಆರೋಗ್ಯ ಸಂಸ್ಥೆಗಳು ತಿಂಗಳು ತಿಂಗಳೂ ಇದಕ್ಕೆ ಲೆಕ್ಕ ಒಪ್ಪಿಸುತ್ತವೆ. ಎಷ್ಟು ಗರ್ಭಿಣಿಯರ ನೋಂದಣಿ, ಎಷ್ಟು ಹೆರಿಗೆ, ಅದರಲ್ಲಿ ಶಸ್ತ್ರಚಿಕಿತ್ಸೆ ಎಷ್ಟು, ಎಷ್ಟು ಮಕ್ಕಳಿಗೆ ಲಸಿಕೆ, ಎಷ್ಟು ಹೊರರೋಗಿಗಳು, ಎಷ್ಟು ಒಳರೋಗಿಗಳು: ಪಟ್ಟಿ ಬಲು ಉದ್ದವಾದದ್ದು.

ಇದಲ್ಲದೆ ಕಟ್ಟಡ ಮತ್ತು ಸಿಬ್ಬಂದಿಯ ವಾರ್ಷಿಕ ಲೆಕ್ಕ ಬೇರೆ ಇದೆ. 'ಗ್ರಾಮೀಣ ಆರೋಗ್ಯ ಅಂಕಿ-ಅಂಶ' ಎಂಬ ಹೆಸರಿನಲ್ಲಿ 1992ರಿಂದ ಬರುತ್ತಿದ್ದ ಈ ವರದಿ 2024ರಲ್ಲಿ ಹೊಸ ಹೆಸರಿನೊಂದಿಗೆ ಹೊರಬಂತು. ಅದರ ಪ್ರಕಾರ 2023ರ ಮಾರ್ಚ್ ಅಂತ್ಯಕ್ಕೆ ದೇಶದಲ್ಲಿ 1,69,615 ಉಪಕೇಂದ್ರಗಳು, 31,882 ಪ್ರಾಥಮಿಕ ಆರೋಗ್ಯ ಕೇಂದ್ರಗಳು, 6,359 ಸಮುದಾಯ ಆರೋಗ್ಯ ಕೇಂದ್ರಗಳು ಮತ್ತು 714 ಜಿಲ್ಲಾಸ್ಪತ್ರೆಗಳಿದ್ದವು. ಜನನ-ಮರಣ ನೋಂದಣಿ, ಮಾದರಿ ನೋಂದಣಿ ಪದ್ಧತಿ, ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳು ತಮ್ಮ ತಮ್ಮ ದಾರಿಯಲ್ಲಿ ಬೇರೆ ಬೇರೆ ಲೆಕ್ಕ ಕೊಡುತ್ತವೆ.

ಹಾಗಾದರೆ ಕೊರತೆ ಎಲ್ಲಿದೆ? ಲೆಕ್ಕ ಹುಟ್ಟುವ ಜಾಗಕ್ಕೂ ಅದನ್ನು ಬಳಸುವ ಜಾಗಕ್ಕೂ ನಡುವೆ ಇರುವ ಹಾದಿಯಲ್ಲಿದೆ. ಆ ಹಾದಿ ಏಕಮುಖವಾಗಿದೆ.

ರಿಜಿಸ್ಟರ್‌ನಿಂದ ರಾಜಧಾನಿಗೆ

ಒಂದು ತಾಲ್ಲೂಕು ಆಸ್ಪತ್ರೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಹೊರರೋಗಿ ವಿಭಾಗದಲ್ಲಿ ಒಂದು ರಿಜಿಸ್ಟರ್, ಹೆರಿಗೆ ವಾರ್ಡಿನಲ್ಲಿ ಇನ್ನೊಂದು, ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಮತ್ತೊಂದು, ಪ್ರಯೋಗಾಲಯದಲ್ಲಿ ಮಗದೊಂದು. ಬಹುತೇಕ ಇವನ್ನು ಬರೆಯುವವರು ಶುಶ್ರೂಷಕಿಯರು. ರೋಗಿಯ ಆರೈಕೆಯ ನಡುವೆ ಸಿಕ್ಕ ಬಿಡುವಿನಲ್ಲಿ ಬರೆಯುತ್ತಾರೆ. ತಿಂಗಳ ಕೊನೆಗೆ ಗೆರೆ ಎಳೆದು, ಕೂಡಿ, ಮೊತ್ತವನ್ನು ನಮೂನೆಗೆ ಇಳಿಸುತ್ತಾರೆ. ಆ ನಮೂನೆ ಕಂಪ್ಯೂಟರ್ ಸೇರುತ್ತದೆ. ತಾಲ್ಲೂಕಿನ ಮೊತ್ತ ಜಿಲ್ಲೆಗೆ, ಜಿಲ್ಲೆಯದು ರಾಜ್ಯಕ್ಕೆ, ರಾಜ್ಯದ್ದು ದೆಹಲಿಗೆ.

ಪ್ರತಿ ಮೆಟ್ಟಿಲಲ್ಲೂ ಅಂಕಿ ದೊಡ್ಡದಾಗುತ್ತದೆ, ಅರ್ಥ ಚಿಕ್ಕದಾಗುತ್ತದೆ. ರಿಜಿಸ್ಟರ್‌ನಲ್ಲಿ ಒಬ್ಬ ಹೆಣ್ಣುಮಗಳ ವಯಸ್ಸು, ರಕ್ತದೊತ್ತಡ, ಆಕೆ ಬಂದ ಹೊತ್ತು, ವೈದ್ಯರು ನೋಡಿದ ಹೊತ್ತು ಇರುತ್ತವೆ. ಜಿಲ್ಲಾ ವರದಿಯಲ್ಲಿ ಆಕೆ ಒಂದು ಸಂಖ್ಯೆಯ ಒಂದು ಪಾಲು. ಇನ್ನೊಂದು ತೊಡಕೂ ಇದೆ. ನಮೂನೆಯ ಅಂಕಣವೊಂದು ಖಾಲಿ ಉಳಿದರೆ ಅದು ಸೊನ್ನೆಯೋ, ಮಾಹಿತಿ ಇಲ್ಲವೆಂದೋ? ಸಾವಿನ ಅಂಕಣದಲ್ಲಿ ಈ ಎರಡಕ್ಕೂ ಇರುವ ವ್ಯತ್ಯಾಸ ಸಣ್ಣದೇನಲ್ಲ.

ಲೆಕ್ಕ ಮೇಲಕ್ಕೆ ಹೋದ ಮೇಲೆ ಕೆಳಕ್ಕೆ ಬರುವುದು ಏನು? ಸಾಮಾನ್ಯವಾಗಿ ಬರುವುದು ಪರಿಶೀಲನಾ ಸಭೆಯ ಸೂಚನೆ: ಗುರಿ ಮುಟ್ಟಿಲ್ಲ, ಕಾರಣ ಕೊಡಿ. 'ನಿಮ್ಮಂಥದೇ ಇತರ ಆಸ್ಪತ್ರೆಗಳಿಗೆ ಹೋಲಿಸಿದರೆ ನಿಮ್ಮಲ್ಲಿ ಹೆರಿಗೆಯ ನಂತರದ ರಕ್ತಸ್ರಾವ ಹೆಚ್ಚಿದೆ, ಯಾಕಿರಬಹುದು ನೋಡಿ' ಎಂಬ ಪತ್ರ ಬರುವುದು ಅಪರೂಪ. ಅಂಕಿಯನ್ನು ಹುಟ್ಟಿಸಿದವರಿಗೆ ಅಂಕಿಯಿಂದ ಪ್ರಯೋಜನ ಇಲ್ಲವೆಂದಾದರೆ, ಅದನ್ನು ಸರಿಯಾಗಿ ಬರೆಯಬೇಕೆಂಬ ಉತ್ಸಾಹ ಎಲ್ಲಿಂದ ಬರಬೇಕು?

ಎಣಿಸಿದ್ದು ಏನು, ಬಿಟ್ಟದ್ದು ಏನು

ನಾವು ಎಣಿಸುವುದು ಬಹುತೇಕ ಹಾಸಿಗೆಗಳನ್ನು, ಹುದ್ದೆಗಳನ್ನು, ನಡೆಸಿದ ಚಿಕಿತ್ಸೆಗಳನ್ನು. ಚಿಕಿತ್ಸೆಯ ನಂತರ ರೋಗಿ ಏನಾದ ಎಂಬುದನ್ನು ಎಣಿಸುವುದು ತೀರಾ ಕಡಿಮೆ. ಎಣಿಸಿದ್ದನ್ನಾದರೂ ಸರಿಯಾಗಿ ಓದುತ್ತೇವೆಯೇ ಎಂದರೆ ಅದೂ ಅನುಮಾನ.

ಉದಾಹರಣೆಗೆ ತಜ್ಞ ವೈದ್ಯರ ವಿಷಯ. 2021-22ರ ಗ್ರಾಮೀಣ ಆರೋಗ್ಯ ಅಂಕಿ-ಅಂಶದ ಪ್ರಕಾರ ಗ್ರಾಮೀಣ ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಅಗತ್ಯಕ್ಕೆ ಹೋಲಿಸಿದರೆ ಶೇ. 80ರಷ್ಟು ತಜ್ಞರ ಕೊರತೆ ಇತ್ತು. ಈ ವರದಿ 'ಕೊರತೆ' ಮತ್ತು 'ಖಾಲಿ ಹುದ್ದೆ' ಎಂಬ ಎರಡು ಬೇರೆ ಲೆಕ್ಕ ಕೊಡುತ್ತದೆ. ಕೊರತೆ ಎಂದರೆ ಮಾನದಂಡದ ಪ್ರಕಾರ ಇರಬೇಕಾದವರಿಗೂ ಇರುವವರಿಗೂ ಇರುವ ಅಂತರ. ಖಾಲಿ ಎಂದರೆ ಮಂಜೂರಾದ ಹುದ್ದೆಗೂ ಭರ್ತಿಯಾದ ಹುದ್ದೆಗೂ ಇರುವ ಅಂತರ. ಹುದ್ದೆಯನ್ನೇ ಮಂಜೂರು ಮಾಡದ ರಾಜ್ಯದಲ್ಲಿ ಖಾಲಿ ಹುದ್ದೆಯೂ ಇರುವುದಿಲ್ಲ! 'ನಮ್ಮಲ್ಲಿ ಬಹುತೇಕ ಹುದ್ದೆ ಭರ್ತಿಯಾಗಿದೆ' ಎಂದು ಸಚಿವರೊಬ್ಬರು ಹೇಳಿದಾಗ, ಮಂಜೂರಾದದ್ದೆಷ್ಟು ಎಂಬ ಮರುಪ್ರಶ್ನೆ ಬರಬೇಕು.

ನೀತಿ ಆಯೋಗ 2021ರ ಸೆಪ್ಟೆಂಬರಿನಲ್ಲಿ ಜಿಲ್ಲಾಸ್ಪತ್ರೆಗಳ ಸಾಧನೆ ಕುರಿತ ವರದಿ ಪ್ರಕಟಿಸಿತು. 707 ಆಸ್ಪತ್ರೆಗಳನ್ನು ಹೋಲಿಸಿದ ಈ ಪ್ರಯತ್ನ ಸ್ತುತ್ಯರ್ಹ. ಜಿಲ್ಲಾಸ್ಪತ್ರೆಗಳಲ್ಲಿ ಒಂದು ಲಕ್ಷ ಜನಸಂಖ್ಯೆಗೆ ಸರಾಸರಿ 24 ಹಾಸಿಗೆಗಳಿದ್ದರೆ, ಬಿಹಾರದಲ್ಲಿ ಕೇವಲ ಆರು, ಪುದುಚೇರಿಯಲ್ಲಿ 222 ಎಂಬಂಥ ಅಜಗಜಾಂತರಗಳು ಅದರಿಂದ ಬೆಳಕಿಗೆ ಬಂದವು. ಆದರೆ ಅದು ಆಧರಿಸಿದ್ದು 2017-18ರ ಅಂಕಿಗಳನ್ನು. ನಡುವೆ ಕೋವಿಡ್‌ನ ಎರಡು ಅಲೆಗಳೇ ಬಂದು ಹೋಗಿದ್ದವು. ವೈದ್ಯರು ನಾಲ್ಕು ವರ್ಷದ ಹಿಂದಿನ ರಕ್ತಪರೀಕ್ಷೆ ನೋಡಿ ಔಷಧ ಬರೆಯುವುದಿಲ್ಲ; ಸರ್ಕಾರಗಳು ಬರೆಯುತ್ತವೆ.

ಇನ್ನು ಛೇದದ ಮಾತು. ಲಕ್ಷಕ್ಕೆ ಇಷ್ಟು ಎಂಬ ಯಾವುದೇ ಲೆಕ್ಕಕ್ಕೆ ಕೆಳಗೊಂದು ಜನಸಂಖ್ಯೆ ಬೇಕು. 2021ರಲ್ಲಿ ನಡೆಯಬೇಕಿದ್ದ ಜನಗಣತಿ ಮುಂದೂಡಿಕೆಯಾಗಿ, 2027ರ ಮಾರ್ಚ್ 1 ಹೊಸ ಉಲ್ಲೇಖ ದಿನವೆಂದು 2025ರಲ್ಲಿ ಅಧಿಸೂಚನೆ ಹೊರಟಿತು. ಈ ನಡುವಿನ ವರ್ಷಗಳ ಲೆಕ್ಕಗಳೆಲ್ಲ 2011ರ ಜನಗಣತಿಯ ಮೇಲೆ ಕಟ್ಟಿದ ಅಂದಾಜಿನ ಮೇಲೆ ನಿಂತಿವೆ. ಬೆಂಗಳೂರಿನಂತೆ ನಾಗಾಲೋಟದಲ್ಲಿ ಬೆಳೆದ ನಗರದ ಆಸ್ಪತ್ರೆ ಎಷ್ಟು ಜನರಿಗೆ ಎಂಬುದಕ್ಕೆ ಹೀಗೆ ಖಚಿತ ಉತ್ತರವೇ ಇಲ್ಲದಂತಾಗಿದೆ.

ಅಂಕಿಯೇ ಗುರಿಯಾದಾಗ

ಅಂಕಿ-ಅಂಶದಿಂದಲೇ ಅಧಿಕಾರಿಯ ಸಾಧನೆ ಅಳೆಯಹೊರಟರೆ ಅಳತೆಗೋಲೇ ಬಾಗುತ್ತದೆ. ಮಹಾಲೇಖಪಾಲರ 2017ರ ವರದಿಯೊಂದು ತಾಯಿ-ಮಕ್ಕಳ ಆರೋಗ್ಯ ಕಾರ್ಯಕ್ರಮವನ್ನು ಪರಿಶೀಲಿಸುವಾಗ, ಆಸ್ಪತ್ರೆಗಳ ಮೂಲ ದಾಖಲೆಗೂ ಎಚ್ಎಂಐಎಸ್ ಜಾಲದಲ್ಲಿ ನಮೂದಾದ ಅಂಕಿಗೂ ವ್ಯತ್ಯಾಸವಿದ್ದುದನ್ನು ಎತ್ತಿ ತೋರಿಸಿತ್ತು. ಆಯುಷ್ಮಾನ್ ಭಾರತ್ ವಿಮೆ ಕುರಿತ 2023ರ ವರದಿಯಲ್ಲಿ 9999999999 ಎಂಬ ಒಂದೇ ಮೊಬೈಲ್ ಸಂಖ್ಯೆಗೆ 7,49,820 ಫಲಾನುಭವಿಗಳ ಹೆಸರು ಜೋಡಣೆಯಾಗಿದ್ದ ಸಂಗತಿ ಬಯಲಾಯಿತು. ಫಲಾನುಭವಿಯನ್ನು ಗುರುತಿಸುವುದು ಮೊಬೈಲ್ ಸಂಖ್ಯೆಯಿಂದಲ್ಲ ಎಂದು ಸರ್ಕಾರ ಸಮಜಾಯಿಷಿ ಕೊಟ್ಟಿತು. ಇರಬಹುದು. ಆದರೆ ಹತ್ತು ಒಂಬತ್ತುಗಳನ್ನು ಏಳೂವರೆ ಲಕ್ಷ ಬಾರಿ ನುಂಗಿಯೂ ಚಕಾರವೆತ್ತದ ವ್ಯವಸ್ಥೆ ಬೇರೆ ಏನೇನನ್ನು ನುಂಗಿದೆಯೋ ಎಂಬ ಪ್ರಶ್ನೆ ಉಳಿಯುತ್ತದೆ.

ತಪ್ಪು ಅಂಕಿ ಬರೆಯದೆಯೂ ಲೆಕ್ಕ ಚೊಕ್ಕಟವಾಗಿ ಕಾಣಿಸಬಹುದು. ಪರಿಸ್ಥಿತಿ ಬಿಗಡಾಯಿಸಿದ ಗರ್ಭಿಣಿಯನ್ನು ತಾಲ್ಲೂಕು ಆಸ್ಪತ್ರೆ ಜಿಲ್ಲಾಸ್ಪತ್ರೆಗೆ 'ರೆಫರ್' ಮಾಡುತ್ತದೆ. ಆಕೆ ಅಲ್ಲಿ ತೀರಿಕೊಂಡರೆ ಸಾವು ಜಿಲ್ಲಾಸ್ಪತ್ರೆಯ ಪಟ್ಟಿಗೆ ಸೇರುತ್ತದೆ. ತಾಲ್ಲೂಕು ಆಸ್ಪತ್ರೆಯ ಪುಟ ಸ್ವಚ್ಛ. ಕಳುಹಿಸಿದ್ದು ಸಕಾಲದಲ್ಲೋ ತಡವಾಗಿಯೋ, ಆಂಬುಲೆನ್ಸ್ ಎಷ್ಟು ಹೊತ್ತಿಗೆ ಬಂತು, ದಾರಿಯಲ್ಲಿ ರಕ್ತ ಕೊಡುವ ವ್ಯವಸ್ಥೆ ಇತ್ತೇ ಎಂಬುದು ಮಾಸಿಕ ಮೊತ್ತದಲ್ಲಿ ಎಲ್ಲೂ ಸಿಗದು.

ಕಾರಣವಿಲ್ಲದ ಸಾವುಗಳು

ಆಸ್ಪತ್ರೆಯ ಅಂಕಿ-ಅಂಶಗಳಲ್ಲೆಲ್ಲ ಅತಿ ಮುಖ್ಯವಾದದ್ದು ಸಾವಿನ ಕಾರಣ. ಅದರಲ್ಲೇ ನಾವು ಅತ್ಯಂತ ಹಿಂದೆ. 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸುಮಾರು 81 ಲಕ್ಷ ಸಾವುಗಳಲ್ಲಿ ವೈದ್ಯರು ಕಾರಣ ಪ್ರಮಾಣೀಕರಿಸಿದ್ದು ಶೇ. 22.5ರಷ್ಟನ್ನು ಮಾತ್ರ. 2021ರಲ್ಲಿ ಈ ಪ್ರಮಾಣ ಶೇ. 23.4. ಅಂದರೆ ನಾಲ್ಕರಲ್ಲಿ ಮೂರಕ್ಕೂ ಹೆಚ್ಚು ಸಾವುಗಳಿಗೆ ವೈದ್ಯಕೀಯವಾಗಿ ದೃಢಪಟ್ಟ ಕಾರಣವೇ ಇಲ್ಲ.

2021ರಲ್ಲಿ ನೋಂದಣಿಯಾದ ಒಟ್ಟು ಸಾವುಗಳ ಸಂಖ್ಯೆ 1.02 ಕೋಟಿ ದಾಟಿತ್ತು. ಒಂದೇ ವರ್ಷದಲ್ಲಿ ಸುಮಾರು 21 ಲಕ್ಷದ ಏರಿಕೆ. ಅದರಲ್ಲಿ ನೋಂದಣಿ ಸುಧಾರಿಸಿದ್ದರಿಂದ ಕಂಡದ್ದೆಷ್ಟು, ಸಾಂಕ್ರಾಮಿಕದಿಂದ ಹೆಚ್ಚಿದ್ದೆಷ್ಟು ಎಂದು ಬೇರ್ಪಡಿಸಲು ಕಾರಣದ ಲೆಕ್ಕ ಬೇಕಿತ್ತು. 2020 ಮತ್ತು 2021ರಲ್ಲಿ ಭಾರತದಲ್ಲಿ 47 ಲಕ್ಷ ಹೆಚ್ಚುವರಿ ಸಾವು ಸಂಭವಿಸಿರಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2022ರ ಮೇ ತಿಂಗಳಲ್ಲಿ ಅಂದಾಜಿಸಿದಾಗ ಕೇಂದ್ರ ಸರ್ಕಾರ ಅದರ ಲೆಕ್ಕಾಚಾರದ ವಿಧಾನವನ್ನೇ ಆಕ್ಷೇಪಿಸಿತು. ನಮ್ಮದೇ ಲೆಕ್ಕ ಗಟ್ಟಿಯಾಗಿದ್ದರೆ ಅನ್ಯರ ಅಂದಾಜಿನ ಜತೆ ಗುದ್ದಾಡುವ ಪ್ರಮೇಯವೇ ಬರುತ್ತಿರಲಿಲ್ಲ. 2021ರ ನೋಂದಣಿ ವರದಿ ಸಾರ್ವಜನಿಕರ ಕೈಸೇರಿದ್ದು 2025ರ ಮೇ ತಿಂಗಳಲ್ಲಿ ಎಂಬುದನ್ನೂ ಇಲ್ಲಿ ನೆನೆಯಬೇಕು.

ಸುಧಾರಣೆಯೇ ಆಗಿಲ್ಲವೆಂದಲ್ಲ. ಜನನ-ಮರಣ ನೋಂದಣಿ ಕಾಯಿದೆಗೆ 2023ರಲ್ಲಿ ತಂದ ತಿದ್ದುಪಡಿ ಆ ವರ್ಷದ ಅಕ್ಟೋಬರ್ 1ರಿಂದ ಜಾರಿಗೆ ಬಂದಿದ್ದು, ಎಲ್ಲ ವೈದ್ಯಕೀಯ ಸಂಸ್ಥೆಗಳೂ ಸಾವಿನ ಕಾರಣದ ಪ್ರಮಾಣಪತ್ರ ನೀಡುವುದು, ಅದರ ಪ್ರತಿಯನ್ನು ಹತ್ತಿರದ ಬಂಧುವಿಗೆ ಕೊಡುವುದು ಕಡ್ಡಾಯವಾಗಿದೆ. ಕಾನೂನು ಬಂತು, 'ಹೃದಯ ನಿಂತಿತು' ಎಂದಷ್ಟೇ ಬರೆದು ಕೈತೊಳೆದುಕೊಳ್ಳದೆ ಮೂಲ ರೋಗ ಯಾವುದೆಂದು ಬರೆಯುವ ತರಬೇತಿ ಕಿರಿಯ ವೈದ್ಯರಿಗೆ ಸಿಗಬೇಕಿದೆ. ಹೃದಯ ನಿಲ್ಲದೆ ಸತ್ತವರುಂಟೇ?

ಬಳ್ಳಾರಿ ಕಲಿಸಿದ್ದು

ಅಂಕಿಯನ್ನು ಓದುವುದಕ್ಕೂ ಒಟ್ಟು ಹಾಕುವುದಕ್ಕೂ ಇರುವ ವ್ಯತ್ಯಾಸವನ್ನು 2024ರ ನವೆಂಬರ್ ಕರ್ನಾಟಕಕ್ಕೆ ಕಲಿಸಿತು. ಬಳ್ಳಾರಿಯ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಹೆರಿಗೆಯಾದ ಐವರು ಬಾಣಂತಿಯರು ಒಬ್ಬರ ಹಿಂದೆ ಒಬ್ಬರಂತೆ ಸಾವನ್ನಪ್ಪಿದರು. ಅವರಿಗೆ ನೀಡಿದ್ದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಮೇಲೆ ಸಂಶಯ ಮೂಡಿ, ರಾಜ್ಯ ಸರ್ಕಾರ ಅದರ ಬಳಕೆಯನ್ನು ತಡೆಹಿಡಿಯಿತು. ಮಾಸಿಕ ನಮೂನೆಯಲ್ಲಿ ಈ ದುರಂತ ಹೇಗೆ ಕಾಣುತ್ತದೆ? ತಾಯಂದಿರ ಸಾವು: ಐದು. ಒಂದೇ ಆಸ್ಪತ್ರೆ, ಒಂದೇ ಬಗೆಯ ಶಸ್ತ್ರಚಿಕಿತ್ಸೆ, ಒಂದೇ ದ್ರಾವಣ ಎಂಬ ಕೊಂಡಿ ಸಿಗಬೇಕಾದರೆ ಕೇಸ್ ಶೀಟ್‌ಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಬೇಕು.

ಆ ಬಳಿಕ ರಾಜ್ಯ ಸರ್ಕಾರ ಮಾಡಿಸಿದ್ದು ಅದನ್ನೇ. 2024ರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ರಾಜ್ಯದಲ್ಲಿ ಸಂಭವಿಸಿದ 464 ತಾಯಂದಿರ ಸಾವುಗಳನ್ನು ತಜ್ಞರ ಸಮಿತಿ ಪರಿಶೀಲಿಸಿತು. ಸುಮಾರು ಮೂರನೇ ಎರಡರಷ್ಟು ಸಾವು ಸರ್ಕಾರಿ ಆಸ್ಪತ್ರೆಗಳಲ್ಲೇ ಆಗಿದ್ದವು, ಶೇ. 70ಕ್ಕೂ ಹೆಚ್ಚು ಸಾವುಗಳನ್ನು ತಡೆಯಬಹುದಿತ್ತು ಎಂಬುದು ಸಮಿತಿಯ ನಿರ್ಣಯ. ವರ್ಷಗಳಿಂದ ಮೇಲಕ್ಕೆ ಹೋಗುತ್ತಿದ್ದ ಅಂಕಿಗಳು ಹೇಳದೇ ಹೋದದ್ದನ್ನು ಕೆಲವೇ ತಿಂಗಳ ಓದು ಹೇಳಿತು. ದುರಂತವೊಂದು ಸುದ್ದಿಯಾದ ಮೇಲೆಯೇ ಇಷ್ಟು ವ್ಯಾಪಕವಾಗಿ ಓದಬೇಕಾಯಿತೇ ಎಂಬುದಷ್ಟೇ ಪ್ರಶ್ನೆ.

ನೆರೆಯ ಕೇರಳ ಈ ಓದನ್ನು 2004ರಿಂದಲೇ ಅಭ್ಯಾಸ ಮಾಡಿಕೊಂಡಿದೆ. ಅಲ್ಲಿನ ಹೆರಿಗೆ ತಜ್ಞರ ಒಕ್ಕೂಟ ಸರ್ಕಾರದ ಸಹಕಾರದೊಂದಿಗೆ ತಾಯಂದಿರ ಸಾವುಗಳ ಗೋಪ್ಯ ಪರಾಮರ್ಶೆ ನಡೆಸುತ್ತದೆ. ರೋಗಿಯ, ವೈದ್ಯರ, ಆಸ್ಪತ್ರೆಯ ಹೆಸರು ಅಳಿಸಿ ದಾಖಲೆ ಓದುತ್ತಾರೆ. ಉದ್ದೇಶ ಶಿಕ್ಷೆಯಲ್ಲ, ಕಲಿಕೆ. ರಕ್ತಸ್ರಾವ ಮತ್ತು ಅಧಿಕ ರಕ್ತದೊತ್ತಡ ಮುಖ್ಯ ಕಾರಣಗಳೆಂದು ತಿಳಿದ ಮೇಲೆ ಅವಕ್ಕೆ ಚಿಕಿತ್ಸಾ ಮಾನದಂಡ ರೂಪಿಸಿದರು. 2018-20ರ ಮಾದರಿ ನೋಂದಣಿ ಲೆಕ್ಕದಂತೆ ಒಂದು ಲಕ್ಷ ಜೀವಂತ ಜನನಕ್ಕೆ ತಾಯಂದಿರ ಸಾವು ಕೇರಳದಲ್ಲಿ 19, ತಮಿಳುನಾಡಿನಲ್ಲಿ 54, ಕರ್ನಾಟಕದಲ್ಲಿ 69. ಕೇರಳದ ಸಾಧನೆಗೆ ಶಿಕ್ಷಣ, ರಸ್ತೆ, ಆಸ್ಪತ್ರೆಗಳ ಸಾಂದ್ರತೆ ಮುಂತಾದ ಹಲವು ಕಾರಣಗಳಿವೆ, ನಿಜ. ಆದರೆ ತಮ್ಮ ಲೆಕ್ಕವನ್ನು ತಾವೇ ಓದುವ ಅಭ್ಯಾಸವೂ ಅವುಗಳಲ್ಲೊಂದು.

ಬ್ರಿಟನ್ ತೆತ್ತ ಬೆಲೆ

ಅಂಕಿ ಕೈಯಲ್ಲಿದ್ದೂ ಓದದಿದ್ದರೆ ಏನಾಗುತ್ತದೆ ಎಂಬುದಕ್ಕೆ ಶ್ರೀಮಂತ ದೇಶಗಳೂ ಹೊರತಲ್ಲ. ಬ್ರಿಟನ್‌ನ ಬ್ರಿಸ್ಟಲ್ ನಗರದ ಆಸ್ಪತ್ರೆಯಲ್ಲಿ ಮಕ್ಕಳ ಹೃದಯ ಶಸ್ತ್ರಚಿಕಿತ್ಸೆಯ ಕುರಿತ ವಿಚಾರಣಾ ವರದಿ 2001ರಲ್ಲಿ ಹೊರಬಂತು. 1991ರಿಂದ 1995ರ ನಡುವೆ ಒಂದು ವರ್ಷದೊಳಗಿನ ಮಕ್ಕಳಲ್ಲಿ ನಿರೀಕ್ಷೆಗಿಂತ 30ರಿಂದ 35ರಷ್ಟು ಹೆಚ್ಚು ಸಾವುಗಳಾಗಿದ್ದವೆಂದು ಅದು ಹೇಳಿತು. ಗಮನಿಸಬೇಕಾದ್ದು ಏನೆಂದರೆ, ಇದನ್ನು ಸೂಚಿಸಬಲ್ಲ ರಾಷ್ಟ್ರೀಯ ಅಂಕಿ-ಅಂಶ ಆಗಲೇ ಸಂಗ್ರಹವಾಗುತ್ತಿತ್ತು. ಅದನ್ನು ಆ ಕಣ್ಣಿನಿಂದ ನೋಡುವ ಹೊಣೆ ಯಾರದೂ ಆಗಿರಲಿಲ್ಲ. ಮುಂದೆ ಸ್ಟಾಫರ್ಡ್‌ನ ಆಸ್ಪತ್ರೆಯ ಹಗರಣದಲ್ಲಿ, ಸಾವಿನ ಪ್ರಮಾಣ ಹೆಚ್ಚಿದೆ ಎಂಬ ಎಚ್ಚರಿಕೆ ಬಂದಾಗ ಆಡಳಿತ ಮಂಡಳಿ ಹುಡುಕಿದ್ದು ಲೆಕ್ಕದಲ್ಲಿನ ದೋಷವನ್ನು, ವಾರ್ಡಿನಲ್ಲಿನ ದೋಷವನ್ನಲ್ಲ. ಗುರಿ ಮತ್ತು ಹಣಕಾಸಿನ ಬೆನ್ನುಹತ್ತಿ ರೋಗಿಯನ್ನು ಮರೆತರೆಂದು 2013ರ ವಿಚಾರಣಾ ವರದಿ ಕಟುವಾಗಿಯೇ ಹೇಳಿತು.

ಮಾಡಬೇಕಾದ್ದು ಏನು?

ಮೊದಲನೆಯದಾಗಿ, ಪ್ರತಿ ಆಸ್ಪತ್ರೆಗೂ ಅದರದೇ ಅಂಕಿ-ಅಂಶ, ಅದರಂಥದೇ ಇತರ ಆಸ್ಪತ್ರೆಗಳ ಹೋಲಿಕೆಯೊಂದಿಗೆ ಮೂರು ತಿಂಗಳಿಗೊಮ್ಮೆ ಹಿಂದಿರುಗಬೇಕು. ಅದನ್ನು ಓದಲು ವೈದ್ಯರು, ಶುಶ್ರೂಷಕಿಯರು ಒಟ್ಟಿಗೆ ಕೂರುವ ಒಂದು ಗಂಟೆ ಅವರ ಕೆಲಸದ ಭಾಗವಾಗಬೇಕು. ಎರಡನೆಯದಾಗಿ, ಮೂಲ ರಿಜಿಸ್ಟರ್ ಮತ್ತು ನಮೂನೆಯನ್ನು ತಾಳೆ ನೋಡುವ ಸ್ವತಂತ್ರ ತಂಡ ಬೇಕು; ಸಾಧನೆ ತೋರಿಸಬೇಕಾದವರೇ ಸಾಧನೆಯನ್ನು ಅಳೆಯುವುದು ನ್ಯಾಯವಲ್ಲ. ಮೂರನೆಯದಾಗಿ, ರೆಫರ್ ಆದ ರೋಗಿ ಏನಾದಳು ಎಂಬ ಉತ್ತರ ಕಳುಹಿಸಿದ ಆಸ್ಪತ್ರೆಗೂ ತಲುಪಬೇಕು. ನಾಲ್ಕನೆಯದಾಗಿ, ಆಮ್ಲಜನಕ, ರಕ್ತ, ಔಷಧ, ತಜ್ಞರ ಅಲಭ್ಯತೆಯನ್ನು ದಾಖಲಿಸಲು ಪ್ರತ್ಯೇಕ ಅಂಕಣ ಇರಬೇಕು.

ಆಸ್ಪತ್ರೆವಾರು ಅಂಕಿ ಪ್ರಕಟಿಸುವ ವಿಷಯದಲ್ಲಿ ಒಂದು ಆಕ್ಷೇಪವಿದೆ, ಅದು ತೂಕದ್ದೇ. ಕಠಿಣ ಪ್ರಕರಣಗಳೆಲ್ಲ ಬಂದು ಬೀಳುವ ದೊಡ್ಡ ಆಸ್ಪತ್ರೆಯಲ್ಲಿ ಸಾವು ಹೆಚ್ಚಿರುವುದು ಸಹಜ. ಬರೀ ಸಾವಿನ ಸಂಖ್ಯೆ ಪ್ರಕಟಿಸಿದರೆ ಗಂಭೀರ ರೋಗಿಯನ್ನು ಬಾಗಿಲಲ್ಲೇ ತಿರುಗಿಸಿ ಕಳುಹಿಸುವ ಚಾಳಿ ಶುರುವಾದೀತು. ಆದ್ದರಿಂದ ರೋಗಿಯ ವಯಸ್ಸು, ರೋಗದ ತೀವ್ರತೆ, ಬಂದಾಗಿನ ಸ್ಥಿತಿಗಳನ್ನು ಗಣನೆಗೆ ತೆಗೆದುಕೊಂಡ ಹೋಲಿಕೆಯೇ ಆಗಬೇಕು. ಹಾಗೆ ಹೋಲಿಸಲು ರೋಗಿವಾರು ದಾಖಲೆ ಬೇಕು. ಅಂಥ ದಾಖಲೆಗೆ ಗೋಪ್ಯತೆಯ ಭದ್ರ ಬೇಲಿಯೂ ಬೇಕು. ಕಷ್ಟವೆಂಬ ಕಾರಣಕ್ಕೆ ಕತ್ತಲೆಯಲ್ಲೇ ಇರುವುದು ಪರಿಹಾರವಲ್ಲ.

ಖಾಸಗಿ ಆಸ್ಪತ್ರೆಗಳನ್ನು ಹೊರಗಿಟ್ಟು ಈ ಕೆಲಸ ಪೂರ್ಣವಾಗದು. ಮಾಸಿಕ ಲೆಕ್ಕದ ಬಹುಪಾಲು ಭಾರ ಸರ್ಕಾರಿ ಸಂಸ್ಥೆಗಳ ಮೇಲಿದೆ. ತನ್ನ ಸಾವನ್ನು ಎಣಿಸಿ ಹೇಳುವ ಸರ್ಕಾರಿ ಆಸ್ಪತ್ರೆ ಕಳಪೆಯಂತೆ, ಎಣಿಸದ ಖಾಸಗಿ ಆಸ್ಪತ್ರೆ ಶ್ರೇಷ್ಠದಂತೆ ಕಾಣುವುದು ಪ್ರಾಮಾಣಿಕತೆಗೆ ವಿಧಿಸಿದ ದಂಡ.

ಕೊನೆಗೆ ಉಳಿಯುವುದು ಜನಪ್ರತಿನಿಧಿಗಳ ಹೊಣೆ. ವಿಧಾನಮಂಡಲದಲ್ಲಿ ಎಷ್ಟು ಹಾಸಿಗೆ ಮಂಜೂರಾಯಿತು, ಎಷ್ಟು ಕಟ್ಟಡ ಉದ್ಘಾಟನೆಯಾಯಿತು ಎಂಬ ಪ್ರಶ್ನೆಗಳಿಗೆ ಬರವಿಲ್ಲ. ನನ್ನ ತಾಲ್ಲೂಕಿನ ಆಸ್ಪತ್ರೆಯಲ್ಲಿ ಕಳೆದ ವರ್ಷ ತಡೆಯಬಹುದಾಗಿದ್ದ ಸಾವುಗಳೆಷ್ಟು, ಅವುಗಳಿಂದ ಏನು ಬದಲಾಯಿತು ಎಂದು ಕೇಳುವ ಶಾಸಕರು ಬೇಕಾಗಿದ್ದಾರೆ. ಪ್ರಶ್ನೆ ಬಂದರೆ ಅಂಕಣ ತಾನಾಗಿ ಹುಟ್ಟುತ್ತದೆ; ಅಂಕಣ ಹುಟ್ಟಿದರೆ ಲೆಕ್ಕ ಸಿಗುತ್ತದೆ. ಆ ಲೆಕ್ಕ ಮೊದಲು ತಲುಪಬೇಕಾದ್ದು ವಾರ್ಡಿನಲ್ಲಿರುವ ವೈದ್ಯರ ಮೇಜಿಗೆ. ದೆಹಲಿಗೆ ಆಮೇಲೆ ಹೋದರೂ ಆದೀತು.